ತಗ್ಗಿನಲ್ಲಿ ಕಟ್ಟಿದ ಕೋಳಿ

ನಮ್ಮ ಸರೋವರ ನೋಡಲು ರಾಜಧಾನಿ ಯವುಂಡೆಯಿಂದ ಬಂದವರು ಮಾತು ಮರೆತು ನಿಲ್ಲುತ್ತಾರೆ. ಹಿಂದೆಂದೋ ಬೆಂಕಿ ಉಗುಳಿದ ಬೆಟ್ಟದ ಬಾಯಲ್ಲಿ ಈಗ ನೀರಿದೆ. ಸುತ್ತ ಕಪ್ಪು ಬಂಡೆ, ಬಂಡೆಯ ನೆತ್ತಿಯಲ್ಲಿ ಹುಲ್ಲು, ಹುಲ್ಲಿನಲ್ಲಿ ದನಗಾಹಿಗಳ ಬಿಳಿ ಹಸುಗಳು. ಮಂಜು ಸರಿದಾಗ ನೀರು ಮೆಲ್ಲಗೆ ಕಣ್ಣು ಬಿಟ್ಟಂತಿರುತ್ತದೆ. ನಮ್ಮ ನೆರೆಯ ನಾಯಾ ಮಾತ್ರ ಅತ್ತ ನೋಡಿ ಹುಬ್ಬು ಗಂಟಿಕ್ಕುತ್ತಾಳೆ. "ಇಷ್ಟು ಸುಮ್ನಿರೋರನ್ನ ನಾನು ನಂಬಲ್ಲ."

ಅವಳ ಹರೆಯದಲ್ಲಿ, ಮಳೆಗಾಲದ ಒಂದು ರಾತ್ರಿ, ಆ ನೀರು ಕಣ್ಣಿಗೆ ಕಾಣದ ಗಾಳಿಯನ್ನು ಉಸಿರಾಗಿ ಬಿಟ್ಟಿತ್ತು. ಭಾರವಾದ ಗಾಳಿ, ಹೊಳೆಯಂತೆ ತಗ್ಗು ಹುಡುಕಿ ಹರಿಯಿತು. ಕಣಿವೆಯಲ್ಲಿ ಮಲಗಿದ್ದವರು ಏಳಲಿಲ್ಲ. ನಾಯಾ ಜೋಳ ಮಾರಲು ದನಗಾಹಿಗಳ ದಿಬ್ಬಕ್ಕೆ ಹೋಗಿ ಅಲ್ಲೇ ತಂಗಿದ್ದಳು, ಬದುಕಿ ಉಳಿದಳು. ತಾಯಿ, ತಂಗಿಯರು ಉಳಿಯಲಿಲ್ಲ.

ಮುಂದೆ ಅವಳು ಮಗಳು ಬಿಯನ್ನು ಒಮ್ಮೆಯೂ ನೆಲದ ಮೇಲೆ ಮಲಗಿಸಲಿಲ್ಲ. ಹೊಲದಲ್ಲಿ ಬೇರೆ ಹೆಂಗಸರು ಹಾಡುತ್ತ ಕಳೆ ಕಿತ್ತರೆ, ಇವಳು ಇರುವೆಗಳು ಓಡಾಡುತ್ತಿವೆಯೇ ಎಂದು ಬಗ್ಗಿ ನೋಡುವಳು. ಯಾರೋ ಕೊಳೆತ ಮೊಟ್ಟೆ ಎಸೆದ ದಿನ, ಅಂದಿನ ಗಾಳಿಗೂ ಇದೇ ನಾತವಿತ್ತೆಂದು, ಕೇರಿಯ ಮಕ್ಕಳನ್ನೆಲ್ಲ ದಿಬ್ಬಕ್ಕೆ ಅಟ್ಟಿದ್ದಳು.

ಬಿ ಬಸುರಾದಳು. ಅಳಿಯ ಚಿಯಾ ಮನೆ ಕಟ್ಟಲು ಹೊಳೆಯ ಪಕ್ಕದ ತಗ್ಗನ್ನೇ ಆರಿಸಿದ.

"ಅತ್ತೆ, ಬಿ ನೀರು ಹೊತ್ಕೊಂಡು ದಿಬ್ಬ ಹತ್ತೋದು ತಪ್ಪುತ್ತೆ. ಸರೋವರಕ್ಕೆ ಸರ್ಕಾರದವರು ಕೊಳವೆ ಇಳಿಸಿದಾರಲ್ಲ, ಕೆಟ್ಟ ಗಾಳಿ ದಿನಾ ಚೂರು ಚೂರು ಹೊರಗೆ ಹೋಗುತ್ತೆ."

"ಆನೆ ಸೊಂಡ್ಲಿಗೆ ಹುಲ್ಲುಕಡ್ಡಿ ಸಿಕ್ಸಿ, ಇನ್ಮೇಲೆ ಇದ್ರಲ್ಲೇ ಉಸಿರಾಡು ಅಂದಂಗಾಯ್ತು."

ತಗ್ಗಿನಲ್ಲಿ ಮನೆ ಕಟ್ಟುವವರು ಮೊದಲು ಅಲ್ಲೊಂದು ಕೋಳಿ ಕಟ್ಟಿ, ಬೆಳಿಗ್ಗೆ ಅದು ಬದುಕಿದೆಯೇ ಎಂದು ನೋಡುವುದು ಆ ರಾತ್ರಿಯ ನಂತರ ನಮ್ಮಲ್ಲಿ ಬಂದ ರೂಢಿ. ನಾಯಾ ತನ್ನ ಕೋಳಿಯನ್ನೇ ಕಟ್ಟಿದಳು. ಬೆಳಿಗ್ಗೆ ಅದು ಸತ್ತು ಬಿದ್ದಿತ್ತು. ಅವಳ ಕೂಗಿಗೆ ನಾವೆಲ್ಲ ಮಕ್ಕಳನ್ನು ಬಗಲಿಗೇರಿಸಿಕೊಂಡು ದಿಬ್ಬ ಹತ್ತಿದೆವು. ಚಿಯಾ ಮಾತ್ರ ಇಳಿದುಹೋಗಿ ಕೋಳಿಯನ್ನು ಎತ್ತಿ ತಂದ. ಬಿ ಅದರ ಕತ್ತಿನ ಪುಕ್ಕ ಸರಿಸಿದಳು. ಹಲ್ಲಿನ ಗುರುತು.

"ಸರೋವರಕ್ಕೆ ಹಲ್ಲು ಬಂತಲ್ಲ ಅತ್ತೆ," ಎಂದ ಚಿಯಾ. "ಇನ್ಮೇಲೆ ಮೂಳೆ ಹಾಕಿ ಸಾಕಣ."

ನಗು ಎದ್ದಿತು. ನಾಯಾ ನಗಲಿಲ್ಲ. "ಗಾಳಿಗೆ ಸತ್ತ ಮೇಲೆ ಪುನುಗು ಬೆಕ್ಕು ಕಚ್ಚಿರಬೌದು."

"ಹಂಗಾದ್ರೆ ಬೆಕ್ಕು ಯಾಕೆ ಸಾಯ್ಲಿಲ್ಲ?"

ಚಿಯಾ ಅಡಿಪಾಯಕ್ಕೆ ಕಲ್ಲು ಒಟ್ಟತೊಡಗಿದ.

ಸಂಜೆ ನಾಯಾ ಚಾಪೆ ಹಿಡಿದು ಇಳಿದಳು. ಕೋಳಿ ಕಟ್ಟಿದ್ದ ಗೂಟದ ಪಕ್ಕ ಹಾಸಿ ಮಲಗಿದಳು.

"ಏಳವ್ವ," ಎಂದಳು ಬಿ. "ಏನಿದು?"

"ನನ್ನ ಹತ್ರ ಬೆಕ್ಕು ಬರಲ್ಲ. ನಾನು ಸತ್ರೆ ಯಾರಿಗೂ ಅನುಮಾನ ಇರಲ್ಲ."

"ಎಷ್ಟು ದಿನ ಮಲಗ್ತೀಯ?"

"ಮಳೆಗಾಲ ಮುಗಿಯೋವರೆಗೂ."

ಮೇಲೆ ಬಂಡೆಯ ಅಂಚು ಕೆಂಪಾಗಿತ್ತು. ಸರೋವರ ಎಂದಿಗಿಂತ ಚೆಂದವಾಗಿತ್ತು. ಬಿ ಹೊಟ್ಟೆಯ ಮೇಲೆ ಕೈಯಿಟ್ಟು ನಿಂತೇ ಇದ್ದಳು.

"ಆ ನೀರು ಕಂಡ್ರೆ ನಂಗೆ ಭಯ ಇಲ್ಲವ್ವ. ದಿನಾ ಬೆಳಿಗ್ಗೆ ಬಂದು, ಏಳ್ತೀಯೋ ಇಲ್ವೋ ಅಂತ ನಿನ್ನ ಎಬ್ಬಿಸ್ಬೇಕಲ್ಲ, ಅದು ನನ್ ಕೈಲಾಗಲ್ಲ."

ಅವಳು ಬಗ್ಗಿ ಅಡಿಪಾಯದ ಒಂದು ಕಲ್ಲನ್ನು ತಲೆಗೇರಿಸಿ ದಿಬ್ಬದ ದಾರಿ ಹಿಡಿದಳು. "ಏ, ಇಳಿಸೇ ಅದನ್ನ, ಬಸುರಿ ನೀನು," ಎನ್ನುತ್ತ ಚಿಯಾ ಓಡಿಬಂದು ಕಲ್ಲು ಕಿತ್ತುಕೊಂಡ. ಕೆಳಗಿಡಲು ನೋಡಿದ, ಹೆಂಡತಿಯ ಮುಖ ನೋಡಿದ, ತಾನೇ ಹೊತ್ತು ಏರತೊಡಗಿದ.

ನಾಯಾ ಚಾಪೆ ಸುತ್ತಿಕೊಂಡು ಹಿಂದೆಯೇ ಹೊರಟಳು. ಅರ್ಧ ದಿಬ್ಬದಲ್ಲಿ ಅವನು ಉಸಿರು ತಿರುಗಿಸಿಕೊಳ್ಳಲು ನಿಂತಾಗ, "ಇಲ್ಲಲ್ಲ, ಇನ್ನೂ ಮೇಲೆ," ಎಂದಳು.