ಗೌರಮ್ಮ ಕೇಳಿ ಪಡೆದ ಶಿಕ್ಷೆ

ಟಿಂಚರ್ ವಾಸನೆ ಮೂಗಿಗೆ ಬಿದ್ದರೆ ಬೇರೆಯವರಿಗೆ ಆಸ್ಪತ್ರೆ ನೆನಪಾಗುತ್ತದಂತೆ. ನನಗೆ ಖೋ ಖೋ ನೆನಪಾಗುತ್ತದೆ. ಹರೆಯದಲ್ಲಿ ನನ್ನ ಮೊಣಕಾಲುಗಳು ಕುಡಿದಷ್ಟು ಟಿಂಚರನ್ನು ನಮ್ಮ ಬೀದಿಯ ಕಾಂಪೌಂಡರ್ ಕೂಡ ಕಂಡಿರಲಾರ.

ನಿನ್ನೆ ಸಂಜೆ ಮೊಮ್ಮಗಳು ಕಾಲೇಜಿನಿಂದ ಮೊಣಕಾಲು ತರಚಿಕೊಂಡು ಬಂದಳು. ಹತ್ತಿ ಅದ್ದಿ ಹಚ್ಚುತ್ತ ಕುಳಿತೆ. ಅವಳು ಉರಿಗೆ ಅಳಲಿಲ್ಲ, ಸಿಟ್ಟಿಗೆ ಅತ್ತಳು. ಅವರ ಖೋ ಖೋ ತಂಡದ ಕೋಚು ಹೋದ ವರ್ಷ ಬೇರೆ ಕಾಲೇಜಿನ ಹುಡುಗಿಯೊಬ್ಬಳನ್ನು ತಮ್ಮವಳೆಂದು ಹೇಳಿ ಆಡಿಸಿದ್ದಾರೆ. ಅದು ಈಗ ಬಯಲಾಗಿದೆ. ಇಡೀ ತಂಡ ಈ ವರ್ಷ ಪಂದ್ಯಕ್ಕೆ ಹೋಗುವಂತಿಲ್ಲ. ಆ ಸಿಟ್ಟಿಗೆ ಒಬ್ಬಳೇ ಮೈದಾನ ಸುತ್ತಿ ಓಡಿ ಬಿದ್ದುಕೊಂಡು ಬಂದಿದ್ದಳು. "ತಪ್ಪು ಮಾಡಿದ್ದು ಸರ್. ಆಗ ನಾನು ಕಾಲೇಜಿಗೇ ಸೇರಿರಲಿಲ್ಲ. ದಂಡ ನಾನ್ಯಾಕೆ ಕಟ್ಟಬೇಕು, ಹೇಳಿ ಅಜ್ಜಿ" ಎಂದಳು.

"ರೂಲ್ಸು ಅಂದ್ರೆ ರೂಲ್ಸು ಕಣೇ, ಒಂದು ವರ್ಷ ತಾನೇ" ಎನ್ನಲು ಬಾಯಿ ತೆರೆದೆ. ಮುದುಕರ ಬಾಯಲ್ಲಿ ಇಂಥ ಮಾತು ಸದಾ ತಯಾರಿರುತ್ತದೆ, ಬಿಸಿ ಮಾಡುವ ಕೆಲಸವೂ ಇಲ್ಲ. ಅಷ್ಟರಲ್ಲಿ ಹರಿಹರದ ಗೌರಮ್ಮ ನೆನಪಾಗಿ ಬಾಯಿ ಮುಚ್ಚಿದೆ.

ಗೌರಮ್ಮನ ಸುದ್ದಿಗೆ ಬರುವ ಮೊದಲು ನಮ್ಮ ತಂಡದ ಸುದ್ದಿ ಹೇಳಬೇಕು. ಅರವತ್ತರ ದಶಕದ ಆರಂಭ. ದಾವಣಗೆರೆಯಲ್ಲಿ ಹುಡುಗಿಯರು ಕಾಲೇಜಿಗೆ ಹೋಗುವುದೇ ಒಂದು ಸುದ್ದಿ. ಹೋಗಿ ಓಡುವುದಂತೂ ಮಂಡಿಪೇಟೆಯ ಅಂಗಡಿ ಕಟ್ಟೆಗಳಿಗೆ ವಾರಗಟ್ಟಲೆ ಸಾಲುವ ಸುದ್ದಿ. ನಮ್ಮ ಮನೆ ಮಂಡಿಪೇಟೆಯ ಹಿಂದಿನ ಓಣಿಯಲ್ಲಿತ್ತು. ನಾನು ಅಂಗಡಿಗಳ ಮುಂದೆ ಹಾದುಹೋದರೆ ಮೆಣಸಿನಕಾಯಿ ಚೀಲದ ಮೇಲೆ ಕುಳಿತ ದಲಾಲರೊಬ್ಬರು, "ಏನವ್ವಾ, ಇವತ್ತು ಯಾರನ್ನ ಓಡಿಸ್ಕಂಡು ಹೋಗ್ತೀ?" ಎಂದು ಕೇಳದೆ ಬಿಡುತ್ತಿರಲಿಲ್ಲ. ಅವರಿಗೆ ಗೊತ್ತಿರಲಿಲ್ಲ, ಓಡುವುದರಲ್ಲಿ ನಾನು ಅಷ್ಟಕ್ಕಷ್ಟೆ. ತಂಡಕ್ಕೆ ಒಂಬತ್ತು ಜನ ಬೇಕಿತ್ತು; ಪರವೂರಿಗೆ ಕಳಿಸಲು ಒಪ್ಪಿದ ಅಪ್ಪಂದಿರು ಒಂಬತ್ತೇ ಮಂದಿ ಸಿಕ್ಕಿದ್ದರು. ನನ್ನ ಅಪ್ಪ ಅವರಲ್ಲೊಬ್ಬರು. ನನ್ನ ಕ್ರೀಡಾ ಪ್ರತಿಭೆ ಎಂದರೆ ಇಷ್ಟೇ.

ಹುಡುಗರ ಹಾಕಿ ಮೈದಾನದಾಚೆ, ಜಾಲಿ ಗಿಡಗಳ ಪಕ್ಕ, ಒಂದು ಮೂಲೆ ನಮಗೆ ಸಿಕ್ಕಿತ್ತು. ಅದಕ್ಕಾಗಿ ನಮಗಿಂತ ಹಿರಿಯ ಹುಡುಗಿಯರು ಪ್ರಿನ್ಸಿಪಾಲರ ಬಾಗಿಲು ತಟ್ಟಿ ತಟ್ಟಿ ಕೈ ನೋಯಿಸಿಕೊಂಡಿದ್ದರು. ಮನೆಯಲ್ಲಿ ಜೋರಾಗಿ ನಕ್ಕರೆ "ಮೆಲ್ಲಗೆ" ಎನ್ನುತ್ತಿದ್ದರು; ಬೇಗ ನಡೆದರೆ "ನಿಧಾನ" ಎನ್ನುತ್ತಿದ್ದರು. ಆ ಮೂಲೆಯಲ್ಲಿ ಮಾತ್ರ ಯಾರೂ ಏನೂ ಅನ್ನುತ್ತಿರಲಿಲ್ಲ. ಗಂಟಲು ಹರಿಯುವಂತೆ "ಖೋ" ಎಂದು ಕೂಗಬಹುದಿತ್ತು. ಅಲ್ಲಿ ನಾನು ಸುಖವಾಗಿದ್ದೆ, ಬೇರೆಲ್ಲೂ ಹಾಗೆ ಸುಖವಾಗಿರಲಿಲ್ಲ.

ತಂಡದ ನಾಯಕಿ ಶಕುಂತಲಾ. ಶಾಮನೂರಿನಿಂದ ಹೊಲದ ಬದುವಿನ ಮೇಲೆ ನಡೆದೇ ಬರುತ್ತಿದ್ದ ಗಟ್ಟಿಗಿತ್ತಿ. ಆದರೆ ನಮ್ಮ ನಿಜವಾದ ಬಲ ನಾಗವೇಣಿ. ಮಾಯಕೊಂಡದವಳು, ದಿನಾ ರೈಲಿಗೆ ಬರುತ್ತಿದ್ದಳು. ಮನೆಗೆಲಸ ಮುಗಿಸಿ ಸ್ಟೇಷನ್ನಿಗೆ ಹೊರಡುವಷ್ಟರಲ್ಲಿ ರೈಲು ಕೂಗುತ್ತಿತ್ತಂತೆ. ಓಡಿ ಹಿಡಿಯುವುದೇ ಅವಳ ನಿತ್ಯದ ಅಭ್ಯಾಸ. ಅಂಥವಳಿಗೆ ಬೇಸಿಗೆ ರಜೆಯಲ್ಲಿ ಹರಿಹರದ ಹುಡುಗನ ಜೊತೆ ಮದುವೆಯಾಯಿತು. ಕಾಲೇಜು ಬಿಟ್ಟಳು. ನಾವು ಮದುವೆಗೆ ಹೋಗಿ ಹೋಳಿಗೆ ತಿಂದು, ಅಕ್ಷತೆ ಹಾಕಿ, ಬರುವಾಗ ದಾರಿಯುದ್ದಕ್ಕೂ ಅತ್ತೆವು. ಗೆಳತಿ ಹೋದಳೆಂದು ಅತ್ತೆವೋ ಓಟಗಾರ್ತಿ ಹೋದಳೆಂದು ಅತ್ತೆವೋ ಈಗ ಹೇಳಲಾರೆ.

ಚಳಿಗಾಲದಲ್ಲಿ ಹರಿಹರದ ಹುಡುಗಿಯರ ಮೇಲೆ ಪಂದ್ಯ ಬಂತು. ಪ್ಯಾಸೆಂಜರ್ ರೈಲಿನಲ್ಲಿ ಹೊರಟೆವು. ಜೊತೆಗೆ ನಮ್ಮ ಆಟದ ಮೇಷ್ಟ್ರು ರುದ್ರಪ್ಪನವರು. ಅವರ ಕೊರಳಲ್ಲಿ ಪೀಪಿ ಸದಾ ಇರುತ್ತಿತ್ತು, ಅದನ್ನು ಊದಲು ಮಾತ್ರ ಅವರಿಗೆ ಸಂಕೋಚ. ಹರಿಹರದಲ್ಲಿ ರೈಲು ಪೂರ್ತಿ ನಿಲ್ಲುವ ಮೊದಲೇ ನಾಗವೇಣಿಯ ಜಾಗಕ್ಕೆ ಹೊಸದಾಗಿ ಸೇರಿದ್ದ ಇಂದಿರಾ ಎಂಬವಳು ಜಿಗಿದು ಪಾದ ಉಳುಕಿಸಿಕೊಂಡಳು. ಆಟಕ್ಕೆ ಒಂಬತ್ತು ಜನ ಬೇಕು, ನಾವು ಎಂಟೇ. ಆಡದೆ ವಾಪಸಾದರೆ "ಹೆಣ್ಮಕ್ಕಳಿಗೆ ಒಂಬತ್ತು ಜನ ಕೂಡಿಸಾಕೂ ಬರಲ್ಲ" ಎಂದು ಕಾಲೇಜಿನಲ್ಲಿ ನಗುವವರು ಎಷ್ಟು ಮಂದಿ ಎಂಬುದು ನಮಗೆ ಗೊತ್ತಿತ್ತು.

ಪಂದ್ಯ ಹೊಳೆ ಕಡೆಯ ಬಯಲಿನಲ್ಲಿ. ಬೇವಿನ ಮರದಡಿ ಊರ ಹೆಂಗಸರೆಲ್ಲ ಸೇರಿದ್ದರು. ಅವರ ನಡುವೆ ನಮ್ಮ ನಾಗವೇಣಿ! ಗೆಳತಿಯರು ಬರುತ್ತಾರೆಂದು ಅತ್ತೆಯನ್ನೂ ಕರೆದುಕೊಂಡು, ಒಂದು ಬುಟ್ಟಿ ಒಗ್ಗರಣೆ ಮಂಡಕ್ಕಿ ಕಟ್ಟಿಕೊಂಡು ಬಂದಿದ್ದಳು. ಆ ಅತ್ತೆಯೇ ಗೌರಮ್ಮ. ದೊಡ್ಡ ಕುಂಕುಮ, ದೊಡ್ಡ ದನಿ. ಶಕುಂತಲಾ ನಾಗವೇಣಿಯ ಕಿವಿಯಲ್ಲಿ ಏನೋ ಹೇಳಿದಳು. ನಾಗವೇಣಿ ಅತ್ತೆಯ ಮುಖ ನೋಡಿದಳು.

"ಏನಂತೆ?" ಎಂದರು ಗೌರಮ್ಮ.

"ಆಟಕ್ಕೆ ಒಬ್ರು ಕಮ್ಮಿ ಅಂತೆ ಅತ್ತೆ."

"ಕಮ್ಮಿ ಆದ್ರೆ ಹೋಗಿ ಕೂಡ್ರು. ಪಂಕ್ತಿನಾಗೆ ಎಲೆ ಖಾಲಿ ಬಿಡ್ತಾರೇನು?"

ಖೋ ಖೋ ಆಟಗಾರರು ಸಾಲಾಗಿ ಕುಕ್ಕರಗಾಲಿನಲ್ಲಿ ಕೂರುವುದನ್ನು ಕಂಡು ಅವರಿಗೆ ಊಟದ ಪಂಕ್ತಿಯೇ ನೆನಪಾಗಿತ್ತು. ಪಂಕ್ತಿಯಲ್ಲಿ ಜಾಗ ಖಾಲಿಯಿದ್ದರೆ ಹತ್ತಿರ ನಿಂತವರನ್ನು ಕರೆದು ಕೂರಿಸುವುದು ಅವರ ಮನೆತನದ ಮರ್ಯಾದೆ. ಕಾಲೇಜಿನವರೇ ಆಡಬೇಕೆಂಬ ಕಾನೂನು ಅವರಿಗೇನು ಗೊತ್ತು? ನಮಗೆ ಗೊತ್ತಿತ್ತು. ರುದ್ರಪ್ಪ ಮೇಷ್ಟ್ರಿಗೂ ಗೊತ್ತಿತ್ತು. ಅವರು ಆಗ ಹೊಳೆಯ ಕಡೆ ಮುಖ ಮಾಡಿ ನಿಂತರು. ತುಂಗಭದ್ರೆಯನ್ನು ಅಷ್ಟು ಭಕ್ತಿಯಿಂದ ಅವರು ಹಿಂದೆಂದೂ ನೋಡಿದ್ದಿಲ್ಲ.

ನಾಗವೇಣಿ ಕುಮಾರಿ ಇಂದಿರಾ ಆದಳು. ತಾಳಿ ರವಿಕೆಯೊಳಗೆ ಹೋಯಿತು. ಕಾಲುಂಗುರ ತೆಗೆಯುವ ಮಾತೇ ಇಲ್ಲ, ತೆಗೆದರೆ ಗಂಡನಿಗೆ ಕೇಡಂತೆ; ಬೆರಳಿಗೆ ಬಟ್ಟೆ ಚೂರು ಸುತ್ತಿದೆವು. "ಪಾಪ, ಬೆರಳು ಒಡೆದ್ರೂ ಆಡ್ತಾಳೆ" ಎಂದು ಹರಿಹರದ ಮೇಷ್ಟ್ರು ಮರುಗಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿ ಅವಳು ಓಡಿದ ಓಟವನ್ನು ಏನೆಂದು ಹೇಳಲಿ! ಅಟ್ಟಿಸಿಕೊಂಡು ಬಂದವಳ ಕೈ ಬೆನ್ನಿಗೆ ತಾಗಿಯೇಬಿಟ್ಟಿತು ಎನ್ನುವಷ್ಟರಲ್ಲಿ ಕೂತವರ ನಡುವೆ ನುಸುಳಿ ಆಚೆ ಇರುತ್ತಿದ್ದಳು. ನಗುತ್ತ ಓಡುತ್ತಿದ್ದಳು, ಹಲ್ಲೆಲ್ಲ ಕಾಣುವಂತೆ. ಬೇವಿನ ಮರದಡಿಯಿಂದ ಗೌರಮ್ಮ, "ಓಡೇ ನಾಗೀ, ಓಡು!" ಎಂದು ಕೂಗಿದರು. ನಾಗಿ ಎನ್ನುವುದು ಇಂದಿರೆಯ ಮುದ್ದಿನ ಹೆಸರಿರಬೇಕೆಂದು ಹರಿಹರದವರು ತಿಳಿದರು. ನಾವು ಗೆದ್ದೆವು.

ಆಮೇಲೆ ಬಹುಮಾನ. ಚೆನ್ನಾಗಿ ಓಡಿದವಳಿಗೆ ಒಂದು ಸ್ಟೀಲ್ ಲೋಟ. "ಕುಮಾರಿ ಇಂದಿರಾ!" ಎಂದು ಕೂಗಿದರು. ಬಂದ ಹೆಣ್ಣುಮಕ್ಕಳಿಗೆಲ್ಲ ಅರಿಶಿನ ಕುಂಕುಮ ಕೊಡಲು ಊರಿನ ಹಿರಿಯಮ್ಮನೊಬ್ಬರು ತಟ್ಟೆ ಹಿಡಿದು ನಿಂತಿದ್ದರು. ನಾಗವೇಣಿ ಕೆನ್ನೆಗೆ ಅರಿಶಿನ ಹಚ್ಚಿಕೊಂಡಳು, ಹಣೆಗೆ ಕುಂಕುಮ ಇಟ್ಟುಕೊಂಡಳು. ಅಷ್ಟಕ್ಕೆ ನಿಂತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಮದುವೆಯಾದ ಹೆಣ್ಣಿನ ಕೈ ಅಲ್ಲಿಗೆ ನಿಲ್ಲುವುದಿಲ್ಲವಲ್ಲ. ರವಿಕೆಯೊಳಗಿಂದ ತಾಳಿ ಎಳೆದು, ಅದಕ್ಕೂ ಅರಿಶಿನ ಕುಂಕುಮ ಮುಟ್ಟಿಸಿ, ಕಣ್ಣಿಗೊತ್ತಿಕೊಂಡಳು. ಒತ್ತಿಕೊಂಡ ಮೇಲೆಯೇ ಅವಳಿಗೆ ತಾನು ಯಾರೆಂಬುದು ನೆನಪಾದದ್ದು.

"ಕುಮಾರಿಗೆ ತಾಳಿ ಎಲ್ಲಿಂದ ಬಂತ್ರಿ?" ಎಂದಳು ಹರಿಹರದ ನಾಯಕಿ.

ಗೆದ್ದ ತಂಡಕ್ಕೆ ಕೊಡುವ ಕಪ್ಪು ಹರಿಹರದಲ್ಲೇ ಉಳಿಯಿತು. ಉಳಿಯಬೇಕಾದದ್ದೇ. ಆದರೆ ಮಾತು ಅಲ್ಲಿಗೆ ಮುಗಿಯಲಿಲ್ಲ. ನಮ್ಮ ಪ್ರಿನ್ಸಿಪಾಲರು ಕೆಟ್ಟವರಲ್ಲ, ಮಾನಕ್ಕೆ ಅಂಜುವವರು. "ಎರಡು ವರ್ಷ ಹೆಣ್ಣುಮಕ್ಕಳ ಆಟ ಬಂದ್" ಎಂದರು. ಎರಡು ವರ್ಷ ನಿಂತ ಆಟ ಆಮೇಲೆ ಎಲ್ಲಿ ಶುರುವಾಗುತ್ತದೆ? ಆ ಮೂಲೆಯಲ್ಲಿ ಹುಡುಗರು ಸೈಕಲ್ ನಿಲ್ಲಿಸುತ್ತಾರೆ, ಅಷ್ಟೇ. ಶಕುಂತಲಾ ಮುಂದಿನ ಮಾರ್ಚಿಗೆ ಪಾಸಾಗಿ ಹೋಗುತ್ತಾಳೆ. ದಿನಾ ಸಂಜೆ ನಮ್ಮನ್ನು ನೋಡಿ ಕಲಿಯುತ್ತಿದ್ದ ಮೊದಲ ವರ್ಷದ ಹುಡುಗಿಯರು ಆ ಪಂದ್ಯವನ್ನು ಕಣ್ಣಿಂದ ಕೂಡ ಕಂಡಿರಲಿಲ್ಲ. ಅವರ ಆಟ ಹೋಯಿತು. ಅವರ ಮುಖ ನೋಡಲಾಗದೆ ನಾನು ಜಾಲಿ ಗಿಡದ ಹಿಂದೆ ನಿಂತು ಚೆನ್ನಾಗಿ ಅತ್ತೆ.

ಈ ನಡುವೆ ರುದ್ರಪ್ಪ ಮೇಷ್ಟ್ರನ್ನು ಕ್ಷಮೆ ಕೇಳಲು ಹರಿಹರಕ್ಕೆ ಕಳಿಸಿದ್ದರು. ಬಿಸಿಲಿಗೆ ದಣಿದು ಗೌರಮ್ಮನ ಮನೆಯಲ್ಲಿ ನೀರು ಕುಡಿದ ಮೇಷ್ಟ್ರು, ನೀರಿನ ಋಣಕ್ಕೋ ಏನೋ, ನಡೆದದ್ದನ್ನೆಲ್ಲ ಹೇಳಿಬಿಟ್ಟರು. ಮರುದಿನ ಬೆಳಗಿನ ರೈಲಿಗೆ ಗೌರಮ್ಮ ಸೊಸೆಯನ್ನು ಕರೆದುಕೊಂಡು ದಾವಣಗೆರೆಗೆ ಬಂದಿಳಿದರು. ದಾರಿ ಕೇಳುತ್ತ ನೇರ ಪ್ರಿನ್ಸಿಪಾಲರ ಕೋಣೆಗೆ. ಸುದ್ದಿ ತಿಳಿದು ನಾವೆಲ್ಲ ಬಾಗಿಲಿಗೆ ಮುತ್ತಿಕೊಂಡೆವು.

"ಬರ್ರಿ ತಾಯಿ, ಕೂಡ್ರಿ" ಎಂದರು ಪ್ರಿನ್ಸಿಪಾಲರು.

"ಕೂಡ್ರಾಕೆ ಬಂದಿಲ್ರಿ. ಆಟಕ್ಕೆ ಕಳಿಸ್ದಾಕಿ ನಾನು. ಏನು ಶಿಕ್ಷೆ ಐತೆ, ನನಗೆ ಹಾಕ್ರಿ. ಈ ಹುಡುಗೇರ ಆಟ ನಿಲ್ಲಿಸ್ಬ್ಯಾಡ್ರಿ."

"ನಿಮಗೆ ಗೊತ್ತಿರಲಿಲ್ಲ ಬಿಡ್ರಿ."

"ಗೊತ್ತಿಲ್ದೆ ತುಳಿದ್ರೂ ಕೆಂಡ ಸುಡ್ತೈತೆ. ಆದ್ರೆ ತುಳಿದೋರ ಕಾಲು ಸುಡ್ತೈತೆ ಸ್ವಾಮಿ, ಮಗ್ಗುಲ ಮನಿಯೋರ ಕಾಲಲ್ಲ. ಮುಂದಿನ ವರ್ಷ ಆಡೋ ಹುಡುಗೇರು ಏನ್ ಮಾಡ್ಯಾರೆ?"

ಪ್ರಿನ್ಸಿಪಾಲರು ಕನ್ನಡಕ ತೆಗೆದು ಒರೆಸಿದರು. ಶಕುಂತಲಾ ಒಳಗೆ ನುಗ್ಗಿ, "ಅವರದೇನೂ ಇಲ್ಲ ಸರ್, ಕರೆದಾಕಿ ನಾನು" ಎಂದಳು. ಇಂದಿರಾ ಕುಂಟುತ್ತ ಬಂದು, ರೈಲಿನಿಂದ ಜಿಗಿದದ್ದು ತನ್ನ ತಪ್ಪು ಎಂದಳು. ಓಡಿದ್ದು ತಾನು ಎಂದು ನಾಗವೇಣಿ. ಕೊನೆಗೆ ರುದ್ರಪ್ಪ ಮೇಷ್ಟ್ರು ಮುಂದೆ ಬಂದು, "ಸರ್, ನಾನು ಹೊಳೆ ನೋಡ್ತಿರಲಿಲ್ಲ. ಎಲ್ಲಾ ನೋಡಿದೀನಿ. ಮೇಷ್ಟ್ರು ಅನ್ನಿಸ್ಕೊಂಡೋನು ನಾನು, ಮೊದಲು ನನಗೆ ಹಾಕ್ರಿ" ಎಂದರು. ನಮ್ಮ ಊರಿನ ದೋಸೆ ಹೋಟೆಲಿನಲ್ಲಿ ಬಿಲ್ಲು ಬಂದಾಗ "ನಾನ್ ಕೊಡ್ತೀನಿ, ನೀವು ಕೈ ತೆಗಿರಿ" ಎಂದು ಜಗಳಾಡುತ್ತಾರಲ್ಲ, ಥೇಟ್ ಹಾಗೆ. ಪ್ರಿನ್ಸಿಪಾಲರು ನಗು ತಡೆಯಲಾರದೆ ಮೇಜಿನ ಕಡೆ ನೋಡಿದರು.

ತೀರ್ಪು ಬಂತು. ಗೊತ್ತಿದ್ದೂ ಆಡಿದ ನಾವು ಆ ವರ್ಷ ಪಂದ್ಯಕ್ಕೆ ಹೋಗುವಂತಿಲ್ಲ. ಸಂಜೆ ಹೊತ್ತು ಕಿರಿಯರಿಗೆ ಆಟ ಕಲಿಸಬೇಕು. ಮೇಷ್ಟ್ರು ದಿನಾ ತಮ್ಮ ಕೈಯಾರೆ ಮೈದಾನಕ್ಕೆ ಸುಣ್ಣದ ಗೆರೆ ಹಾಕಬೇಕು. ಆಟ ಮಾತ್ರ ನಿಲ್ಲುವುದಿಲ್ಲ. ಬಾಗಿಲಲ್ಲಿದ್ದ ಮೊದಲ ವರ್ಷದ ಹುಡುಗಿಯರು ಕಿರುಚಿದ ರಭಸಕ್ಕೆ ಪಾಠ ಮಾಡುತ್ತಿದ್ದ ಲೆಕ್ಚರರೊಬ್ಬರು ಓಡಿ ಬಂದರು.

"ಮತ್ತೆ ನನಗೆ?" ಎಂದರು ಗೌರಮ್ಮ. ಶಿಕ್ಷೆಯಿಲ್ಲದೆ ಬಿಟ್ಟಿದ್ದರೆ ಅವರಿಗೆ ಅವಮಾನವಾಗುತ್ತಿತ್ತು.

"ನಿಮಗೇನು ಹಾಕೋಣ ತಾಯಿ? ನೀವು ಕಾಲೇಜಿನವರೇ ಅಲ್ಲ. ನೀವೇ ಹೇಳ್ರಿ" ಎಂದರು ಪ್ರಿನ್ಸಿಪಾಲರು.

ಗೌರಮ್ಮ ಸೊಸೆಯ ಕಡೆ ತಿರುಗಿದರು. ಅಲ್ಲಿಯವರೆಗಿನ ದೊಡ್ಡ ದನಿ ಇಳಿದಿತ್ತು. "ಈಕಿ ನಮ್ಮನಿಗೆ ಬಂದು ಎಷ್ಟು ದಿನ ಆತು. ಹೇಳ್ದಂಗೆ ಕೇಳ್ತಾಳೆ, ಎದುರಾಡಲ್ಲ. ಆದ್ರೆ ಹಲ್ಲು ಕಾಣಂಗೆ ನಕ್ಕಿದ್ದು ನಾನು ನೋಡಿದ್ದು ಅವತ್ತೇ. ಕಾಲೇಜಿನಾಗೆ ಹೆಸರು ಬರಸಿದ್ರೆ ಆಡಬೌದು ಅಂತ ಮೇಷ್ಟ್ರು ಹೇಳ್ಯಾರೆ, ಈಕಿ ಹೆಸರು ಬರ್ಕಳ್ರಿ ಹಂಗಾದ್ರೆ. ಓದಲಿ. ಮುಂಜಾನಿ ರೊಟ್ಟಿ ನಾನು ಬಡೀತೀನಿ. ಅದೇ ನನ್ನ ಶಿಕ್ಷೆ."

"ನಿಮ್ಮ ಮಗ ಒಪ್ತಾರಾ?"

"ಅವನಿಗೆ ಹೊತ್ತಿಗೆ ರೊಟ್ಟಿ ಸಿಕ್ರೆ ಸಾಕು. ಯಾರು ಬಡಿದ್ರು ಅಂತ ಅವ ಯಾವತ್ತು ನೋಡ್ಯಾನೆ?"

ನಾಗವೇಣಿ ಅತ್ತೆಯ ಸೆರಗು ಹಿಡಿದುಕೊಂಡು ಅಲ್ಲೇ ಅತ್ತಳು. ಜೂನ್ ತಿಂಗಳಲ್ಲಿ ಮತ್ತೆ ಕಾಲೇಜಿಗೆ ಬಂದಳು. ಮೊದಲು ಮಾಯಕೊಂಡದ ಕಡೆಯಿಂದ ಬರುತ್ತಿದ್ದವಳು ಈಗ ಹರಿಹರದ ಕಡೆಯಿಂದ. ಈ ಸಲ ರೈಲಿಗೆ ಓಡಬೇಕಾಗಿರಲಿಲ್ಲ. ಗೌರಮ್ಮ ಕತ್ತಲಿರುವಾಗಲೇ ಎದ್ದು ಒಲೆ ಹಚ್ಚಿ, ಬುತ್ತಿ ಕಟ್ಟಿ, ಸ್ಟೇಷನ್ನಿಗೆ ಬಂದು ಹತ್ತಿಸಿ ಹೋಗುತ್ತಿದ್ದರು. ಆ ಬುತ್ತಿಯ ರೊಟ್ಟಿಯಲ್ಲಿ ನನಗೂ ಪಾಲಿತ್ತು. ಒಮ್ಮೆ ಅವರ ಮನೆಗೆ ಹೋದಾಗ, ಒಲೆ ಮುಂದೆ ಬೆವರುತ್ತಿದ್ದ ಅವರನ್ನು, "ಕಷ್ಟ ಆಗಲ್ವಾ ಅಮ್ಮ?" ಎಂದು ಕೇಳಿದೆ. "ಶಿಕ್ಷೆ ಅಲ್ವೇನವ್ವಾ, ಆಗಾಕೇ ಬೇಕು" ಎಂದು ನಕ್ಕು, ಇನ್ನೊಂದು ರೊಟ್ಟಿ ನನ್ನ ತಟ್ಟೆಗೆ ಹಾಕಿದರು. ಅಷ್ಟು ಸಂತೋಷದಿಂದ ಶಿಕ್ಷೆ ಅನುಭವಿಸಿದವರನ್ನು ನಾನು ಬೇರೆ ಕಂಡಿಲ್ಲ. ನಾಗವೇಣಿ ಡಿಗ್ರಿ ಮುಗಿಸಿ ಹರಿಹರದಲ್ಲೇ ಟೀಚರಾದಳು. ಈಗ ಫೋನಿನಲ್ಲಿ ನಾವಿಬ್ಬರೂ ಮೊಣಕಾಲು ನೋವಿನ ವಿಷಯ ಬಿಟ್ಟರೆ ಬೇರೆ ಮಾತಾಡುವುದಿಲ್ಲ, ಅದು ಬೇರೆ ಮಾತು.

ಇದನ್ನೆಲ್ಲ ಮೊಮ್ಮಗಳಿಗೆ ಹೇಳಿ ಮುಗಿಸುವಷ್ಟರಲ್ಲಿ ಅವಳ ಸಿಟ್ಟು ಇಳಿದಿತ್ತು, ನನ್ನದು ಏರಿತ್ತು. "ನಿಮ್ಮ ಸರ್ ಏನಂದರು?" ಎಂದು ಕೇಳಿದೆ.

"ನನಗೇನೂ ಗೊತ್ತಿರಲಿಲ್ಲ ಅಂದುಬಿಟ್ರು."

"ಯಾರೂ ಹೋಗಿ ಕೇಳಲಿಲ್ಲವಾ? ನಿಮ್ಮ ಅಪ್ಪ ಅಮ್ಮಂದಿರು?"

"ಯಾರೂ ಹೋಗಿಲ್ಲ."

ನಾನು ಎದ್ದು ಬೀರುವಿನಿಂದ ಒಳ್ಳೆಯ ಸೀರೆಯೊಂದನ್ನು ತೆಗೆದಿಟ್ಟೆ. ನಾಳೆ ಬೆಳಿಗ್ಗೆ ನಿನ್ನ ಜೊತೆ ಬರುತ್ತೇನೆ ಎಂದೆ. ಅವಳು ಗಾಬರಿಯಾದಳು.

"ಅಯ್ಯೋ ಅಜ್ಜಿ, ಪ್ರಿನ್ಸಿಪಾಲ್ ಹತ್ರ ನೀವ್ಯಾಕೆ? ನೀವು ಕಾಲೇಜಿನವರೇ ಅಲ್ಲವಲ್ಲ!"

"ಗೌರಮ್ಮನೂ ಆಗಿರಲಿಲ್ಲ ಕಣೇ" ಎಂದೆ.