‘ಮುಗೀತೇನು?’ ಅಂತಷ್ಟೇ ಕೇಳಿದೆ

ಯಾದಗಿರಿಯ ಸ್ಟೇಶನ್ ರಸ್ತೆಯಲ್ಲಿ ಒಂದು ಬಟ್ಟೆ ಅಂಗಡಿಯ ಮೇಲೆ ನಮ್ಮ ಆಫೀಸು. ಮೊಬೈಲಿಗೆ, ಕಂಪ್ಯೂಟರಿಗೆ ಪ್ರೋಗ್ರಾಂ ಬರೆದುಕೊಡುವ ಸಣ್ಣ ಕಂಪನಿ. ಅಲ್ಲಿನ ಒಂದು ತಂಡವನ್ನು ನೋಡಿಕೊಳ್ಳುವುದು ನನ್ನ ಕೆಲಸ. ಹೋದ ವರ್ಷ ಒಬ್ಬ ಬಸ್ ಗುತ್ತಿಗೆದಾರರು ಬಂದರು. ದೋರನಹಳ್ಳಿ ಕಡೆಯ ಹೆಣ್ಣುಮಕ್ಕಳನ್ನು ಕಡೇಚೂರಿನ ಕಾರ್ಖಾನೆಗಳಿಗೆ ಒಯ್ಯುವ ಬಸ್ಸು ಅವರವು. ಬಸ್ಸು ಒಂದು ದಿನ ಬೇಗ, ಒಂದು ದಿನ ತಡ. ಊರು ಹತ್ತಿರವಾದಾಗ ಆ ಹೆಣ್ಣುಮಕ್ಕಳಿಗೆ ತಾನಾಗಿಯೇ ಫೋನ್ ಹೋಗಬೇಕು, ‘ಬಸ್ಸು ಬರಾಕತ್ತದ, ಹೊರಡ್ರಿ’ ಅಂತ ಹೇಳಬೇಕು. ಅವರು ಕೇಳಿದ್ದು ಅಷ್ಟೇ.

ನಮ್ಮಲ್ಲಿ ಎರಡು ವಾರಕ್ಕಾಗುವಷ್ಟು ಕೆಲಸ ಹಿಡಿದು, ಕೊನೆಯ ಶುಕ್ರವಾರ ಕಂಪನಿಯ ಮಾಲಕರಿಗೆ ತೋರಿಸುತ್ತೇವೆ. ಅದಕ್ಕೆ ಸ್ಪ್ರಿಂಟ್ ಅನ್ನುತ್ತೇವೆ. ಗೋಡೆಯ ಬೋರ್ಡಿನ ಮೇಲೆ ಕೆಲಸಕ್ಕೊಂದು ಚೀಟಿ. ಕೆಲಸ ಮುಗಿದಂತೆ ಚೀಟಿ ಎಡದಿಂದ ಬಲಕ್ಕೆ ಜರುಗುತ್ತದೆ. ಆದರೆ ಮುಗಿದದ್ದು ಅಂದರೆ ಏನು ಅನ್ನುವುದರ ಮೇಲೆ ಮೊದಮೊದಲು ದಿನಾ ಜಗಳ. ಬರೆದವನಿಗೆ ಬರೆದರೆ ಮುಗಿಯಿತು, ಪರೀಕ್ಷೆ ಮಾಡುವವಳಿಗೆ ಆಗಿನ್ನೂ ಶುರು. ಕೊನೆಗೆ ಎಲ್ಲರೂ ಕೂತು ಒಪ್ಪಿಕೊಂಡೆವು: ಬರೆದದ್ದನ್ನು ಇನ್ನೊಬ್ಬರು ಓದಿ ನೋಡಬೇಕು, ಅದು ಸಾದಾ ಬಟನ್ ಫೋನಿನಲ್ಲೂ ನಡೆಯಬೇಕು, ಮತ್ತು ಯಾರಿಗಾಗಿ ಮಾಡಿದ್ದೇವೋ ಅವರು ಬಳಸಿ ‘ಹೌದು’ ಅನ್ನಬೇಕು. ಅಲ್ಲಿಯತನಕ ಚೀಟಿ ಮುಟ್ಟುವಂತಿಲ್ಲ. ಹಟ ಹಿಡಿದು ಇದನ್ನು ಮಾಡಿಸಿದವಳು ನಾನೇ. ಅದರ ಬಗ್ಗೆ ನನಗೆ ಹೆಮ್ಮೆಯೂ ಇತ್ತು.

ಫೋನಿನ ಕೆಲಸ ಸುರಪುರದ ರಂಗಂಪೇಟೆಯ ಹುಡುಗನೊಬ್ಬನ ಪಾಲಿಗೆ ಬಂತು. ಹುಡುಗ ಅಂದೆ, ಮದುವೆಯಾಗಿತ್ತು, ಹೆಂಡತಿ ಬಸುರಿ. ಸುರಪುರದಿಂದ ದಿನಾ ಓಡಾಡುವುದಾಗದೆ ಇಲ್ಲೇ ಒಂದು ಖೋಲಿ ಹಿಡಿದಿದ್ದ. ಆ ಚೀಟಿ ಬರೆದು ಅವನ ಕೈಗೆ ಕೊಟ್ಟವಳು ನಾನು. ಗುತ್ತಿಗೆದಾರರ ಜೋಡಿ ಫೋನಿನಲ್ಲಿ ಮಾತಾಡಿ, ಅವರು ಕಳಿಸಿದ ಹೆಣ್ಣುಮಕ್ಕಳ ನಂಬರುಗಳನ್ನು ಹಾಗೇ ಅವನಿಗೆ ದಾಟಿಸಿದ್ದೆ. ದೋರನಹಳ್ಳಿಗೆ ನಾನು ಹೋಗಿರಲಿಲ್ಲ.

ಅವನು ಚೆನ್ನಾಗಿ ಬರೆದ, ಬೇಗ ಬರೆದ. ಇನ್ನೊಬ್ಬರು ಓದಿದರು, ಬಟನ್ ಫೋನಿನಲ್ಲಿಯೂ ನಡೆಯಿತು. ಆದರೆ ದೋರನಹಳ್ಳಿಯಿಂದ ಬರುವ ಸುದ್ದಿ ಒಂದೇ: ನಮಗ್ಯಾವ ಫೋನೂ ಬಂದಿಲ್ಲ. ಅವನು ಬಿಚ್ಚಿ ನೋಡಿದ, ತಿದ್ದಿದ, ಮತ್ತೆ ಬರೆದ. ದಿನಾ ಬೆಳಿಗ್ಗೆ ಬೋರ್ಡಿನ ಮುಂದೆ ನಿಂತಾಗ ನಾನು ಕೇಳುತ್ತಿದ್ದೆ.

“ಮುಗೀತೇನು?”

“ಫೋನ್ ಹೊಂಟಾವ್ರಿ ಮೇಡಂ. ಎತ್ತಾಕತ್ತಾರ ಸೈತ. ಆದ್ರ ಯಾರು ಎತ್ತಾಕತ್ತಾರೋ ತಿಳೀವಲ್ದು. ಒಂದ್ಸಲ ಅಲ್ಲಿಗೆ ಹೋಗಿ ನೋಡ್ಕೊಂಡ್ ಬರೋಣೇನ್ರಿ?”

“ಮೊದಲ ಹಿಡದದ್ದು ಮುಗಸು. ತಿರುಗಾಡೋದು ಆಮ್ಯಾಲ.”

ಒಂದಾದಮೇಲೊಂದು ಸ್ಪ್ರಿಂಟ್ ಕಳೆದವು. ಒಂದು ಶುಕ್ರವಾರ ಮಾಲಕರು ಬೋರ್ಡಿನ ಮುಂದೆ ನಿಂತು ಅವನ ಚೀಟಿಯ ಮೇಲೆ ಬೆರಳಿಟ್ಟರು. “ಇದ್ಯಾಕ ಇಲ್ಲೇ ನಿಂತದ?”

“ನಮ್ಮ ಒಪ್ಪಂದದ ಪ್ರಕಾರ ಇದು ಮುಗಿದಿಲ್ರಿ ಸರ್,” ಅಂದೆ.

ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಪಕ್ಕದಲ್ಲೇ ನಿಂತಿದ್ದ ಹುಡುಗ ಒಮ್ಮೆ ನನ್ನ ಮುಖ ನೋಡಿದ. ಮುಂದಿನ ವಾರ ಮಾಲಕರು ಅವನನ್ನು ಒಳಗೆ ಕರೆದು, ಬೇರೆ ಕಡೆ ನೋಡಿಕೋ ಅಂದರು. ಅವನು ಹೊರಗೆ ಬಂದು ಚಾರ್ಜರು, ಬುತ್ತಿ ಡಬ್ಬಿ ಚೀಲಕ್ಕೆ ಹಾಕಿಕೊಂಡು “ಬರ್ತೀನ್ರಿ ಮೇಡಂ” ಅಂದ. ಒಳಗೆ ಹೋಗಿ ಅವನ ಪರವಾಗಿ ಎರಡು ಮಾತಾಡಬಹುದಿತ್ತು. ನಾನು ಕಂಪ್ಯೂಟರ್ ನೋಡುತ್ತ ಕೂತೆ.

ಅವನ ಕೆಲಸ ನನ್ನ ಮೇಲೆ ಬಿತ್ತು. ಎಷ್ಟು ತಡಕಿದರೂ ಅವನು ಬರೆದದ್ದರಲ್ಲಿ ತಪ್ಪು ಸಿಗಲಿಲ್ಲ. ಕಡೆಗೆ ಒಂದು ಮುಂಜಾನೆ ದೋರನಹಳ್ಳಿಗೆ ಹೋದೆ. ರಸ್ತೆಯ ಪಕ್ಕ ಹೆಣ್ಣುಮಕ್ಕಳು ಸೆರಗು ಹೊದ್ದು ನಿಂತಿದ್ದರು. ಒಬ್ಬಾಕೆಯ ಹೆಸರು ಕೇಳಿ, ನನ್ನ ಹತ್ತಿರವಿದ್ದ ಆಕೆಯ ನಂಬರಿಗೆ ಅಲ್ಲೇ ನಿಂತು ಫೋನ್ ಹಚ್ಚಿದೆ. ಆಕೆಯ ಬಳಿ ಏನೂ ಸಪ್ಪಳಾಗಲಿಲ್ಲ. ಗಂಡಸಿನ ದನಿಯೊಂದು ಬಂತು: “ಯಾರ್ರಿ? ನಾ ಹೊಲದಾಗ ಅದೀನಿ.”

ಆಕೆ ನಕ್ಕುಬಿಟ್ಟಳು. “ಅದು ನಮ್ಮ ಮನಿಯವರ ಕಡಿ ಇರ್ತದ್ರಿ. ಮನಿಗೆಲ್ಲಾ ಒಂದ ಫೋನು. ನಮಗೆಲ್ಲಿ ಬರ್ತದ?”

ಬಹಳಷ್ಟು ಜನರದು ಅದೇ ಕಥೆ. ಗುತ್ತಿಗೆದಾರರು ಬರೆದುಕೊಂಡದ್ದು ಗಂಡನ, ಮಗನ, ಮೈದುನನ ನಂಬರು. ಬಸ್ಸು ಬರುವ ಸುದ್ದಿ ಹತ್ತಿ ಹೊಲಕ್ಕೆ, ತೊಗರಿ ಹೊಲಕ್ಕೆ ಹೋಗುತ್ತಿತ್ತು. ಅಂದರೆ ಆ ಕೆಲಸ ಯಾರ ಕೈಗೂ ಕೊಡುವ ಹದಕ್ಕೇ ಬಂದಿರಲಿಲ್ಲ. ಮುಗಿದದ್ದು ಅಂದರೆ ಏನೆಂದು ಅಷ್ಟು ವಾದ ಮಾಡಿದ ನಾವು, ಶುರು ಮಾಡುವ ಮೊದಲು ಏನು ಗೊತ್ತಿರಬೇಕು ಎಂದು ಒಂದು ದಿನವೂ ಕೂತು ಮಾತಾಡಿರಲಿಲ್ಲ. ಕೇಳಿ ತಿಳಿದು ತರಬೇಕಾದವಳು ನಾನು. ಹಸಿ ಕೆಲಸ ಕೊಟ್ಟು, ಬೇಯಲಿಲ್ಲವೆಂದು ಅವನನ್ನು ದಿನಾ ನಿಲ್ಲಿಸಿ ಕೇಳಿದ್ದೆ. ವಾಪಸ್ ಬರುವಾಗ ಭೀಮಾ ಸೇತುವೆ ದಾಟಿದ್ದು ನನಗೆ ಗೊತ್ತಾಗಲಿಲ್ಲ.

ಮಾಲಕರಿಗೆ ಹೇಳಿದೆ: “ತಪ್ಪು ಅವಂದಲ್ರಿ ಸರ್, ನಂದು.”

“ಆದದ್ದಾತು. ಈಗ ಮುಗಸ್ರಿ,” ಅಂದರು. ಅವನ ಕುರ್ಚಿಗೆ ಆಗಲೇ ಬೇರೊಬ್ಬ ಬಂದಿದ್ದ.

ಒಂದೊಂದು ಸ್ಟಾಪಿನಲ್ಲಿ ಕೈಯಲ್ಲೇ ಫೋನ್ ಇರುವ ಒಬ್ಬಾಕೆಯನ್ನು ಹೆಣ್ಣುಮಕ್ಕಳೇ ಆರಿಸಿದರು. ಫೋನ್ ಆಕೆಗೆ ಹೋಗಿ, ಆಕೆ ಉಳಿದವರಿಗೆ ಹೇಳುವಂತೆ ಮಾಡಿದೆವು. ಗುತ್ತಿಗೆದಾರರು ಖುಷಿಯಾಗಿ ಪೇಢೆ ತಂದರು. ಮಾಲಕರು ಎಲ್ಲರ ಎದುರು, “ಮೇಡಂ ಸ್ವತಃ ಊರಿಗೆ ಹೋಗಿ ನೋಡಿ ಬಂದ್ರು, ಕೆಲಸ ಅಂದ್ರ ಹಿಂಗ ಮಾಡಬೇಕು” ಅಂದರು.

ಒಂದು ರವಿವಾರ ರಂಗಂಪೇಟೆಗೆ ಹೋದೆ. ಅವನು ಸುರಪುರದಲ್ಲಿ ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸುತ್ತಿದ್ದ. ತೊಟ್ಟಿಲಲ್ಲಿ ಹೆಣ್ಣುಕೂಸು ಮಲಗಿತ್ತು. ಅವನ ಹೆಂಡತಿ ಚಹಾ ಕೊಟ್ಟಳು. ದೋರನಹಳ್ಳಿಯಲ್ಲಿ ಕಂಡದ್ದನ್ನೆಲ್ಲ ಹೇಳಿದೆ. ಅವನು ಬಗ್ಗಿ ಕೂಸಿನ ಕಾಲಿಗೆ ದುಪ್ಪಟಿ ಸರಿಮಾಡುತ್ತ ಕೇಳಿಸಿಕೊಂಡ.

“ನಿನಗ ಅನುಮಾನ ಇತ್ತಲ್ಲ, ನನಗ ಗಟ್ಟಿಯಾಗಿ ಯಾಕ ಹೇಳಲಿಲ್ಲ?” ಅಂದುಬಿಟ್ಟೆ. ಆ ಮಾತಿಗೆ ಈಗಲೂ ನಾಚಿಕೆಯಾಗುತ್ತದೆ.

“ಹೇಳಿದ್ನಲ್ರೀ,” ಅಂದ.

“ವಾಪಸ್ ಬಾ. ಮಾಲಕರ ಜೋಡಿ ನಾ ಮಾತಾಡ್ತೀನಿ.”

“ಬ್ಯಾಡ್ರಿ ಮೇಡಂ. ಇಲ್ಲೇ ಆರಾಮ ಅದೀನಿ.”

ಸಿಟ್ಟಿರಲಿಲ್ಲ ದನಿಯಲ್ಲಿ. ಆದರೆ ‘ಇರಲಿ ಬಿಡ್ರಿ’ ಅಂತಲೂ ಅವನು ಅನ್ನಲಿಲ್ಲ. ನಾನು ಕಾದದ್ದು ಅದೊಂದು ಮಾತಿಗೆ. ಬಸ್ಸಿನತನಕ ಕಳಿಸಲು ಬಂದವನು ದಾರಿಯಲ್ಲಿ ಕೇಳಿದ: “ಫೋನ್ ಹೋಗೋ ಆಕಿ ಒಂದಿನ ರಜಾ ಮಾಡಿದ್ರ ಉಳದವ್ರಿಗೆ ಯಾರು ಹೇಳ್ತಾರ್ರಿ?”

ನಾನು ಅದನ್ನು ಯೋಚಿಸಿರಲಿಲ್ಲ. ಶಹಾಪುರದ ಬಸ್ಸು ಬಂತು, ಹತ್ತಿದೆ. ಮರುದಿನ ಆಫೀಸಿಗೆ ಹೋಗದೆ ಮೊದಲು ದೋರನಹಳ್ಳಿಗೆ ಹೋಗಿ, ಅವನ ಆ ಪ್ರಶ್ನೆಯನ್ನು ಆ ಹೆಣ್ಣುಮಕ್ಕಳನ್ನೇ ಕೇಳಿದೆ.