ಕರೆಂಟ್ ಇರುವ ಹೊಲ

ರಾಯಚೂರಿನಲ್ಲಿ ಆ ಹುಡುಗಿಯ ಕಥೆಯನ್ನು ಹೇಳುವವರು ಬಹಳ ಜನ. ಹೇಳುವ ಧಾಟಿ ಮಾತ್ರ ಒಂದೇ. ದೇವದುರ್ಗದ ಕಡೆಯ ಕುರಿ ಕಾಯುವ ಬಡ ಹುಡುಗಿ, ಅವಳಿಗೊಂದು ಲ್ಯಾಪ್‌ಟಾಪ್ ದಾನವಾಗಿ ಸಿಕ್ಕಿತು, ಕುರಿ ಮೇಯಿಸುತ್ತಲೇ ಓದಿ ತರಗತಿಗೆ ಮೊದಲು ಬಂದಳು. ಸಮಾರಂಭಗಳಲ್ಲಿ ಇದನ್ನು ಹೇಳುವಾಗ ಭಾಷಣಕಾರರು ಕರವಸ್ತ್ರ ತೆಗೆಯುತ್ತಾರೆ. ನನ್ನದೊಂದು ತಕರಾರಿದೆ. ದಾನ ಯಾರೂ ಕೊಡಲಿಲ್ಲ, ಅವಳು ಕೊಂಡಳು. ತರಗತಿಗೆ ಮೊದಲೂ ಬರಲಿಲ್ಲ, ಗಣಿತದಲ್ಲಿ ಪಾಸಾದದ್ದೇ ಕಷ್ಟಪಟ್ಟು. ಇನ್ನು ಕುರಿ ಮೇಯಿಸುತ್ತ ಓದುವ ಮಾತು: ಒಂದು ಮಧ್ಯಾಹ್ನ ಹಿಂಡಿನ ಹಿಂದೆ ಓಡಿದವರು ಯಾರೂ ಹಾಗೆ ಹೇಳಲಾರರು. ಕುರಿ ಪಕ್ಕದ ಹೊಲದ ತೊಗರಿಗೆ ನುಗ್ಗುವಾಗ ಬೀಜಗಣಿತ ಯಾರಿಗೆ ನೆನಪಿರುತ್ತದೆ?

ನಾನು ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಕಾರಣವಿದೆ. ಆ ಲ್ಯಾಪ್‌ಟಾಪನ್ನು ಅವಳಿಂದ ವಾಪಸ್ ತರಲು ಹೋದವಳು ನಾನೇ.

ನಾನು ಮಾನ್ವಿಯವಳು. ನಮ್ಮ ಮನೆತನದ ಗಂಡಸರು ಗುಡಿಯಲ್ಲಿ ಪೂಜೆ ಮಾಡುತ್ತಾರೆ, ಇಲ್ಲವೇ ಶಾಲೆಯಲ್ಲಿ ಪಾಠ ಹೇಳುತ್ತಾರೆ. ಎರಡೂ ಕಡೆ ಎದುರು ಮಾತಾಡುವವರಿಲ್ಲ. ಆ ಕೊರತೆ ತುಂಬುವುದಕ್ಕೇ ನಾನು ಹುಟ್ಟಿದ್ದು ಎಂದು ಅಮ್ಮ ಹೇಳುತ್ತಾಳೆ. ರಾಯಚೂರಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ಗೆದ್ದದ್ದು ಬಿಟ್ಟರೆ ಬೇರೇನೂ ಹೇಳಿಕೊಳ್ಳುವಂಥದ್ದು ಮಾಡಲಿಲ್ಲ. ಅಲ್ಲಿಗೆ ಒಂದು ದಿನ ನಿವೃತ್ತ ಭೌತಶಾಸ್ತ್ರ ಅಧ್ಯಾಪಕರೊಬ್ಬರು ಬಂದರು. ಅವರೂ ಅವರ ಕೆಲವು ಹಳೆಯ ವಿದ್ಯಾರ್ಥಿಗಳೂ ಸೇರಿ, ಕಚೇರಿಗಳು ಕೈಬಿಟ್ಟ ಲ್ಯಾಪ್‌ಟಾಪ್‌ಗಳನ್ನು ತಂದು, ಬ್ಯಾಟರಿ ಬದಲಿಸಿ, ನೆಟ್ ಇಲ್ಲದೆಯೂ ತೆರೆಯುವಂತೆ ಶಾಲೆಯ ಪಾಠಗಳನ್ನು ತುಂಬಿ, ಹಳ್ಳಿಯ ಮಕ್ಕಳಿಗೆ ಕಡಿಮೆ ಬೆಲೆಗೆ ಮಾರುತ್ತಿದ್ದರು. ಪುಕ್ಕಟೆ ಕೊಟ್ಟರೆ ಟ್ರಂಕಿನ ಪಾಲಾಗುತ್ತದೆ ಎಂಬುದು ಅವರ ವಾದ. ಭಾಷಣ ಮುಗಿಸಿ, ಪ್ರಶ್ನೆಗಳಿದ್ದರೆ ಕೇಳಿ ಎಂದರು. ಆ ಮಾತನ್ನು ನನ್ನಂಥವರ ಎದುರು ಆಡಬಾರದು.

"ಸರ್, ಲ್ಯಾಪ್‌ಟಾಪ್ ಬಂದ ಮ್ಯಾಲೆ ಹುಡುಗರು ಹೆಚ್ಚು ಕಲ್ತಾರ ಅನ್ನಾಕ ಪುರಾವೆ ಏನದ? ಕಡಿಮಿ ಬೆಲಿ ಅಂತೀರಿ, ಯಾರಿಗೆ ಕಡಿಮಿ?"

"ಪುರಾವೆ ನನ್ನ ಹತ್ರ ಇಲ್ಲವ್ವಾ," ಅಂದರು ಅವರು. "ನೀನ ಹೋಗಿ ನೋಡ್ಕೊಂಡು ಬಾ. ಏನೂ ಇಲ್ಲ ಅಂತ ಬಂದು ಹೇಳಿದ್ರೂ ನಡೀತದ. ಕುಂತಲ್ಲೇ ಇಲ್ಲ ಅನಬ್ಯಾಡ."

ಸಭೆ ನಕ್ಕಿತು. ಚರ್ಚೆಯ ನಿಯಮದ ಪ್ರಕಾರ ಅದು ಉತ್ತರವೇ ಅಲ್ಲ. ಆದರೂ ಮುಂದಿನ ಶನಿವಾರ ನಾನು ದೇವದುರ್ಗದ ಬಸ್ಸಿನಲ್ಲಿದ್ದೆ.

ನನಗೆ ಒಪ್ಪಿಸಿದ್ದು ಅಲ್ಲಿನ ಗೂಗಲ್ ಎಂಬ ಊರಿನ ದಾರಿಯ ಒಂದು ಹಳ್ಳಿ. (ಗೂಗಲ್ ಎಂದಕೂಡಲೇ ಎಲ್ಲರೂ ಮಾಡುವ ನಗೆಚಾಟಿಕೆಯನ್ನು ನಾನು ಸಾಕಷ್ಟು ಕೇಳಿದ್ದೇನೆ, ದಯವಿಟ್ಟು ಬೇಡ.) ಮನೆಮನೆಗೆ ಹೋಗಿ, ಯಂತ್ರ ನಡೆಯುತ್ತಿದೆಯೇ, ಯಾರು ಬಳಸುತ್ತಾರೆ ಎಂದು ನೋಡಿಕೊಂಡು ಬರುವುದು ಕೆಲಸ. ಒಂದು ಮನೆಯಲ್ಲಿ ಅದು ದೇವರ ಗೂಡಿನ ಪಕ್ಕದಲ್ಲಿ ಕವರಿನೊಳಗೇ ಕುಂಕುಮ ಹಚ್ಚಿಸಿಕೊಂಡು ಕೂತಿತ್ತು. ಇನ್ನೊಂದರಲ್ಲಿ ಅಪ್ಪ ತೆಲುಗು ಸಿನಿಮಾ ನೋಡುತ್ತಿದ್ದ, ಮಗ ಪಕ್ಕದಲ್ಲಿ ಕೂತು ಡೈಲಾಗು ಬಾಯಿಪಾಠ ಮಾಡುತ್ತಿದ್ದ. ಒಬ್ಬ ಹುಡುಗ ಮಾತ್ರ ವಿಜ್ಞಾನದ ಚಿತ್ರಗಳನ್ನು ನಿಜವಾಗಿಯೂ ನೋಡುತ್ತಿದ್ದ. ನಾನು ಖುಷಿಯಾಗಿದ್ದೆ, ನನ್ನ ವಾದಕ್ಕೆ ಬೇಕಾದದ್ದೆಲ್ಲ ತಾನಾಗಿ ಕೈಗೆ ಬರುತ್ತಿತ್ತು.

ಒಂದು ಮನೆಗೆ ಬೀಗ. ಒಂಬತ್ತನೇ ತರಗತಿಯ ಹುಡುಗಿಯ ಮನೆ ಅದು. ಶಾಲೆಯ ಹೆಡ್‌ಮಾಸ್ತರರನ್ನು ಕೇಳಿದೆ.

"ಕುರಿ ಸಂಗಾಟ ಹೋದ್ರು," ಅಂದರು. "ಭತ್ತ ಕೊಯ್ದ ಮ್ಯಾಲೆ ಮಾನ್ವಿ ಕಡಿ ಕೂಳಿ ಮೇಯಿಸಾಕ ಹೋಗ್ತಾರ. ಪ್ರತಿ ವರ್ಷದ್ದೂ ಇದ ಹಾಡು. ಇಷ್ಟು ದಿನ ಹೆಂಗೋ ತಿರುಗಿ ಬಂದು ಪರೀಕ್ಷಿ ಬರದ್ಲು. ಆಕಿ ಅಕ್ಕ ಒಂಬತ್ತರಾಗ ಹಿಂಗ ಹೋದಾಕಿ ಮತ್ತ ಶಾಲಿ ಕಡಿ ಮುಖ ಹಾಕ್ಲಿಲ್ಲ. ಈಕೀನೂ ಅಷ್ಟ ಬಿಡ್ರಿ."

"ಲ್ಯಾಪ್‌ಟಾಪ್?"

"ತಗೊಂಡು ಹೋಗ್ಯಾಳ."

ನಮ್ಮಲ್ಲೊಂದು ನಿಯಮವಿತ್ತು: ಯಂತ್ರ ಊರು ಬಿಟ್ಟು ಹೋಗಕೂಡದು. ಊರಲ್ಲಿದ್ದರೆ ರಿಪೇರಿ ಮಾಡಬಹುದು, ಊರು ಬಿಟ್ಟದ್ದನ್ನು ಎಲ್ಲಿ ಹುಡುಕುವುದು? ರಾಯಚೂರಿನಲ್ಲಿ ಎಲ್ಲರೂ ಕೂಡಿ ಮಾತಾಡಿ, ಅದನ್ನು ವಾಪಸ್ ತಂದು, ಅವರ ಹಣ ಅವರಿಗೆ ಮರಳಿಸಿ, ಊರಲ್ಲೇ ಇರುವ ಬೇರೆ ಮಗುವಿಗೆ ಕೊಡುವುದೆಂದು ನಿರ್ಧರಿಸಿದರು. ಕೊಯ್ದ ಗದ್ದೆಯ ಕೂಳೆ ಮೇಯಿಸಲು ಅವರು ಬಂದಿರುವುದು ನನ್ನೂರಿನ ಸುತ್ತಲೇ ಆದ್ದರಿಂದ ಕೆಲಸ ನನ್ನ ಪಾಲಿಗೆ ಬಂತು.

ಅಪ್ಪನ ಸ್ಕೂಟರ್ ತೆಗೆದುಕೊಂಡು ಕಾಲುವೆಯ ದಾರಿ ಹಿಡಿದೆ. ಚಹಾದಂಗಡಿಯಲ್ಲಿ ಕೇಳಿದರೆ ಯಾವ ಊರಿನ ಕುರಿ ಯಾರ ಹೊಲದಲ್ಲಿದೆ ಎಂದು ಹೇಳುತ್ತಾರೆ. ಕೊಯ್ದ ಭತ್ತದ ಗದ್ದೆಯಲ್ಲಿ ಬಲೆ ಕಟ್ಟಿದ ಖಾಲಿ ಹಟ್ಟಿ, ಮೂರು ಕಲ್ಲಿನ ಒಲೆ, ಬೋರಲು ಹಾಕಿದ ದೊಡ್ಡ ಬುಟ್ಟಿಗಳು. ಹಿಂಡಿನ ಜೊತೆ ಹುಡುಗಿಯ ಅಪ್ಪ ಅವ್ವ ದೂರ ಹೋಗಿದ್ದರು. ಹೊಸದಾಗಿ ಹುಟ್ಟಿದ ಮರಿಗಳನ್ನು ನೋಡಿಕೊಳ್ಳಲು ಅಜ್ಜಿಯೂ ಹುಡುಗಿಯೂ ಬಿಡಾರದಲ್ಲಿ ಉಳಿದಿದ್ದರು.

"ಯಾರವ್ವಾ ನೀ?" ಅಜ್ಜಿ ಕೇಳಿದಳು.

"ರಾಯಚೂರಿಂದ ಬಂದೀನಿ, ಯವ್ವಾ. ಲ್ಯಾಪ್‌ಟಾಪ್ ಕೊಟ್ಟವರ ಕಡಿಯಿಂದ."

"ಕೊಟ್ಟವ್ರಾ? ಮಾರಿದವ್ರು ಅನ್ನು."

"ಸುಮ್ನಿರಬೇ," ಎಂದು ಹುಡುಗಿ ಅಜ್ಜಿಯನ್ನು ಗದರಿ, ನನಗೆ ಗೋಣಿಚೀಲ ಹಾಸಿದಳು. "ಬರ್ರಿ ಅಕ್ಕಾರ, ಕುಂದರ್ರಿ. ಮಷೀನ್ ನೋಡಾಕ ಬಂದೀರೇನು?" ಅವಳ ಮುಖ ಸ್ವಲ್ಪ ಬಾಡಿದ್ದನ್ನು ಗಮನಿಸಿದೆ. ಕಾರಣ ಆಮೇಲೆ ತಿಳಿಯಿತು.

ಅಜ್ಜಿ ಎದ್ದು ಒಂದು ಬುಟ್ಟಿ ಎತ್ತಿದಳು. ಒಳಗೆ ಎರಡು ಮರಿಗಳು. ಅವುಗಳ ನಡುವೆ ಪ್ಲಾಸ್ಟಿಕ್ ಸುತ್ತಿದ ನಮ್ಮ ಲ್ಯಾಪ್‌ಟಾಪ್. ಇಬ್ಬನಿ, ನಾಯಿ, ಕಳ್ಳರು, ಯಾವುದೂ ಮುಟ್ಟದ ಜಾಗ ಆ ಬಿಡಾರದಲ್ಲಿ ಮರಿಬುಟ್ಟಿಯೊಂದೇ. ಬೆಲೆಬಾಳುವುದನ್ನು ಇಡುವುದಾದರೆ ಅಲ್ಲೇ ಇಡಬೇಕೆಂದು ಅಜ್ಜಿಗೆ ಅನ್ನಿಸಿದ್ದು ಸಹಜ. ಆದರೆ ಮರಿಗಳು ಪ್ಲಾಸ್ಟಿಕ್ಕನ್ನು ಜಗಿದಿದ್ದವು, ಜಗಿದ ಮೇಲೆ ಮಾಡಬಾರದ್ದನ್ನೂ ಅದರ ಮೇಲೇ ಮಾಡಿದ್ದವು. ಕೀಬೋರ್ಡಿನ ಅರ್ಧ ಸತ್ತಿತ್ತು.

"ಸಣ್ಣ ಕೂಸು, ಅದಕ್ಕೇನು ಗೊತ್ತಾಗ್ತದ," ಅಜ್ಜಿ ಮರಿಯ ಪರ ವಹಿಸಿದಳು. "ಇಷ್ಟು ಉಚ್ಚಿ ತಾಕಿದ್ರ ಸಾಯಾಂಗ ಮಾಡೀರಲ್ಲ, ನಿಮ್ದು ಅದೆಂಥಾ ಸಾಮಾನವ್ವಾ?"

ಹುಡುಗಿ ಅದನ್ನು ತೆರೆದು ತೋರಿಸಿದಳು. ಬೆರಳು ಸವರುವ ಜಾಗ ಇನ್ನೂ ಕೆಲಸ ಮಾಡುತ್ತಿತ್ತು. ಪಾಠ ತೆರೆಯುವುದಕ್ಕೆ ಅಷ್ಟು ಸಾಕು. ಹಿಂಡು ಹೋದ ಮೇಲೆ, ಮರಿಗಳಿಗೆ ಸೊಪ್ಪು ಕಟ್ಟಿ, ರೊಟ್ಟಿ ಬಡಿದಿಟ್ಟು, ಆಮೇಲೆ ಓದುತ್ತಾಳಂತೆ. ಪಾಠ ಹೇಗಿದೆ ಎಂದೆ.

"ವಿಡಿಯೋದಾಗಿನ ಸರ್ ಸವಾಲು ಕೇಳ್ತಾರ, ನಾವು ಯೋಚನಿ ಮಾಡೋದ್ರಾಗ ತಾವ ಉತ್ತರಾ ಹೇಳಿಬಿಡ್ತಾರ. ಅಷ್ಟು ಅವಸರ ಏನಿತ್ರಿ ಅವರಿಗೆ?"

ನಾನು ಸಂದೇಹವಾದಿ, ಇಂಥ ಮಾತು ಕೇಳಿದರೆ ನನಗೆ ಆ ಮನುಷ್ಯರ ಮೇಲೆ ಪ್ರೀತಿ ಹುಟ್ಟುತ್ತದೆ. ಅಷ್ಟರಲ್ಲಿ ಪರದೆಯ ಮೂಲೆ ನೋಡಿದೆ. ಬ್ಯಾಟರಿ ಪೂರ್ತಿ ತುಂಬಿತ್ತು. ಬಯಲು ಗದ್ದೆಯಲ್ಲಿ ಕರೆಂಟ್ ಎಲ್ಲಿಂದ?

ಉತ್ತರ ಮೋಟರ್ ಸೈಕಲ್ಲಿನ ಮೇಲೆ ಬಂತು. ಹೊಲದ ಮಾಲಕ, ಕುರಿ ಎಷ್ಟು ದಿನ ಇರುತ್ತವೆ ಎಂದು ಕೇಳಿಹೋಗಲು ಬಂದಿದ್ದ. ಕುರಿಗಳು ರಾತ್ರಿ ಹೊಲದಲ್ಲಿ ನಿಂತರೆ ಹಿಕ್ಕೆ ಬಿದ್ದು ಭೂಮಿಗೆ ಗೊಬ್ಬರವಾಗುತ್ತದೆ. ಅದಕ್ಕೆ ಹೊಲದವರು ಕುರಿಯವರಿಗೆ ಅಕ್ಕಿ, ಜೋಳ ಕೊಡುವುದು ನಮ್ಮ ಕಡೆಯ ಹಳೆಯ ಪದ್ಧತಿ. ನಾನು ಲ್ಯಾಪ್‌ಟಾಪ್ ಹಿಡಿದು ಕೂತದ್ದನ್ನು ಕಂಡು ಆತ ನಕ್ಕ.

"ಇದಕ್ಕೇನ್ರಿ ಬಂದದ್ದು? ಈ ಮಂದಿ ಮೊದ್ಲೆಲ್ಲ ಅಕ್ಕಿ ಎಷ್ಟು ಕೊಡ್ತಿ ಅಂತ ಕೇಳ್ತಿದ್ರು. ಈಗ ಬಂದು ನಿಂತಕೂಡ್ಲೆ, ಧಣಿ, ಮೋಟರ್ ಮನ್ಯಾಗ ಪ್ಲಗ್ ಅದ ಏನು ಅಂತಾರ. ಆ ಆಚಿ ಹೊಲದಾವ ನನಗಿಂತ ಹೆಚ್ಚು ಅಕ್ಕಿ ಕೊಡ್ತೀನಿ ಅಂದ. ಅವನ ಹೊಲದಾಗ ಕರೆಂಟಿಲ್ಲ ಅಂತ ಬಿಟ್ಟು ಇಲ್ಲಿ ಬಂದ್ರು!"

"ನಿನ್ನ ಹೊಲಕ್ಕ ಹಿಕ್ಕಿ ಬಿತ್ತಿಲ್ಲೋ? ಮತ್ಯಾಕ ಅಳ್ತಿ?" ಅಜ್ಜಿ ಅಂದಳು.

"ಅಳಾಕತ್ತಿಲ್ಲ ಯವ್ವಾ, ನಗಾಕತ್ತೀನಿ. ನಾಳಿ ಫ್ರಿಜ್ಜು ತಂದು ಹಚ್ಚಬ್ಯಾಡ ಮತ್ತ."

ನಾನು ಹುಡುಕುತ್ತಿದ್ದ ಪುರಾವೆ ಇದಲ್ಲ. ಒಂದು ಕುಟುಂಬವನ್ನು ನೋಡಿ ಏನನ್ನೂ ಸಿದ್ಧಮಾಡಲಾಗದು ಎಂದು ಯಾವ ತೀರ್ಪುಗಾರರ ಮುಂದೆಯೂ ಹೇಳಬಲ್ಲೆ. ಆದರೆ ಯಾವ ಹೊಲದಲ್ಲಿ ಇಳಿಯಬೇಕು ಎಂಬ ತಮ್ಮ ಬದುಕಿನ ಮುಖ್ಯ ಲೆಕ್ಕಾಚಾರದೊಳಗೆ, ಮಗಳ ಪಾಠಕ್ಕೂ ಒಂದು ಜಾಗ ಮಾಡಿಕೊಂಡ ಜನ ನನ್ನ ಎದುರು ಕೂತಿದ್ದರು. ಅವರಿಂದ ಅದನ್ನು ಕಿತ್ತುಕೊಂಡು ಹೋಗಲು ಬಂದಿರುವುದಾಗಿ ಹೇಳಬೇಕಿತ್ತು. ಹೇಳಿದೆ. ಮಾಲಕ ಗಾಡಿ ಹತ್ತಿ ಮೆಲ್ಲಗೆ ಜಾಗ ಬಿಟ್ಟ.

"ಯಾಕ್ರಿ?" ಎಂದಳು ಹುಡುಗಿ.

"ಮಷೀನು ಊರು ಬಿಟ್ಟು ಹೋಗಬಾರದು ಅಂತ ನಿಯಮ ಅದ. ನಿಮ್ಮ ರೊಕ್ಕ ನಿಮಗೆ ವಾಪಸ್ ಕೊಡ್ತಾರ."

"ನಾ ಊರು ಬಿಟ್ಟು ಹೋಗಬಹುದೇನ್ರಿ?"

ಅವಳು ಮರಿಯೊಂದನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು.

"ಅಕ್ಕಾರ, ನನ್ನ ಹೆಸರಿಲೆ ಬಿಟ್ಟ ಮರಿ ಮಾರಿ ಇದನ್ನ ತಗೊಂಡೀನಿ. ಆ ಮರಿ ಕೊಂಡಾವ ಅದನ್ನ ಎಲ್ಲಿ ಮೇಯಿಸ್ತಾನ ಅಂತ ನಾವು ಕೇಳಾಕ ಹೋಗಿಲ್ಲ."

ಅವರ ಮನೆಗಳಲ್ಲಿ ಹೆಣ್ಣುಮಗಳ ಹೆಸರಿನಲ್ಲಿ ಒಂದು ಮರಿ ಬಿಡುತ್ತಾರೆ. ಅದು ಬೆಳೆದು ಈದರೆ ಆ ಮರಿಗಳೂ ಅವಳವೇ. ಕಡಿಮೆ ಬೆಲೆ ಯಾರಿಗೆ ಕಡಿಮೆ ಎಂದು ನಾನು ಸಭೆಯಲ್ಲಿ ಕೇಳಿದ್ದೆನಲ್ಲ, ಇವಳು ಕೊಟ್ಟ ಬೆಲೆಯಲ್ಲಿ ಮುಂದೆ ಹುಟ್ಟಬಹುದಾಗಿದ್ದ ಒಂದು ಸಣ್ಣ ಹಿಂಡೇ ಇತ್ತು. ವಾದಕ್ಕೆ ಪ್ರತಿವಾದ ಹುಡುಕುವುದು ನನಗೆ ಉಸಿರಾಟದಷ್ಟೇ ರೂಢಿ. ಆ ದಿನ ಲ್ಯಾಪ್‌ಟಾಪನ್ನು ಅವಳ ಕೈಗೇ ಕೊಟ್ಟೆ. ಬರಿಗೈಯಲ್ಲಿ ಸ್ಕೂಟರ್ ಹತ್ತಿದೆ. ಮನೆಗೆ ಬಂದಾಗ ಅಮ್ಮ ಮೂಗು ಮುಚ್ಚಿಕೊಂಡು, "ಮೊದಲು ಬಚ್ಚಲಿಗೆ ನಡಿ, ಕುರಿ ವಾಸನಿ ಮೈಯೆಲ್ಲ," ಎಂದಳು.

ರಾಯಚೂರಿನಲ್ಲಿ ಆ ಭೌತಶಾಸ್ತ್ರದ ಸರ್ ನನ್ನ ಬರಿಗೈ ನೋಡಿ ಹುಬ್ಬೇರಿಸಿದರು. ನಡೆದದ್ದೆಲ್ಲ ಹೇಳಿದೆ.

"ಕೆಟ್ರ ಯಾರು ನೋಡ್ಬೇಕವ್ವಾ? ಈಗ ಅದು ಕುರಿ ಉಚ್ಚಿ ಕುಡಿದು ಕುಂತದ."

"ದೇವರ ಗೂಡಿನ ಮಗ್ಗಲದಾಗ ಇರೋದು ಕೆಟ್ಟಿಲ್ಲ ಸರ್. ಯಾಕಂದ್ರ ಅದನ್ನ ತೆಗದೇ ಇಲ್ಲ. ನಾವು ಮಾರೀವೋ, ಬಾಡಿಗಿಗೆ ಕೊಟ್ಟೀವೋ, ಮೊದ್ಲು ಅದನ್ನ ಹೇಳ್ರಿ. ಮಾರಿದ ಮ್ಯಾಲೆ ಎಲ್ಲಿಡಬೇಕು ಅಂತ ಹೇಳಾಕ ನಮಗೇನು ಹಕ್ಕದ?"

"ಇಷ್ಟು ದಿನ ನಮ್ಮ ಎದುರಿಗೆ ವಾದಾ ಮಾಡಿದಿ. ಈಗ ನೀ ಯಾವ ಕಡಿ?"

"ಕಡಿ ಬದಲಾಗಿಲ್ಲ. ಲ್ಯಾಪ್‌ಟಾಪಿನಿಂದ ಶಿಕ್ಷಣ ಸುಧಾರಿಸ್ತದ ಅಂತ ಈಗೂ ನಾ ಅನ್ನಂಗಿಲ್ಲ. ಕಸಗೊಂಡ್ರ ಸುಧಾರಿಸ್ತದ ಅಂತ ಮಾತ್ರ ನೀವು ಹೆಂಗಂತೀರಿ?"

ಅವರು ಕನ್ನಡಕ ತೆಗೆದು ಒರೆಸಿದರು. ಮುದುಕರು ಸೋತಾಗ ಮಾಡುವ ಕೆಲಸ ಅದು ಎಂದು ನನಗೆ ಆಗ ಅನ್ನಿಸಿತು. ಆದರೆ ಸೋತವರು ಅಷ್ಟು ಬೇಗ ಡ್ರಾಯರಿನಿಂದ ಹೊಸ ಕೀಬೋರ್ಡ್ ತೆಗೆಯುವುದಿಲ್ಲ. ತಂತಿ ಚುಚ್ಚಿ ಬಳಸುವಂಥದ್ದು. ವರ್ಷದ ಉಳಿದ ಪಾಠಗಳನ್ನು ಒಂದು ಪೆನ್‌ಡ್ರೈವಿಗೆ ತುಂಬಿ ಜೊತೆಗೆ ಕೊಟ್ಟರು. ನಿಯಮವನ್ನೂ ಬದಲಿಸಿದರು: ಈಗ ಮಾರುವ ಮೊದಲೇ, ಸುಗ್ಗಿ ಆದ ಮೇಲೆ ನೀವು ಎಲ್ಲಿಗೆ ಹೋಗುತ್ತೀರಿ ಎಂದು ಕೇಳುತ್ತಾರೆ, ಅದಕ್ಕೆ ತಕ್ಕಂತೆ ಪಾಠ ತುಂಬುತ್ತಾರೆ. ಹುಡುಗಿಯ ಊರಿನ ಇನ್ನೊಂದು ಕುರಿಯವರ ಮನೆಯವರು ಕಲ್ಮಲದ ಹತ್ತಿರದ ಬಿಡಾರದಿಂದ ತಾವಾಗಿಯೇ ರಾಯಚೂರಿಗೆ ಬಂದು, ನಮ್ಮ ಹುಡುಗನಿಗೂ ಒಂದು ಬೇಕು ಎಂದು ಕೇಳಿದರು. ಅವರು ಹಾಗೆ ಬಾಗಿಲಿಗೆ ಬಂದದ್ದು ನನ್ನ ಲೆಕ್ಕದಲ್ಲಿ ಯಾವ ಭಾಷಣಕ್ಕಿಂತಲೂ ತೂಕದ್ದು.

ಆ ಚಳಿಗಾಲವಿಡೀ ಮಾನ್ವಿಗೆ ಹೋದಾಗಲೆಲ್ಲ ಬಿಡಾರ ಹುಡುಕಿಕೊಂಡು ಹೋದೆ. ಲ್ಯಾಪ್‌ಟಾಪ್ ಈಗ ರೊಟ್ಟಿ ಬುಟ್ಟಿಗೆ ವರ್ಗವಾಗಿತ್ತು. ಬಹುಪದೋಕ್ತಿಗಳಲ್ಲಿ ನಾವಿಬ್ಬರೂ ಸಮಾನ ದಡ್ಡರು. ಇದನ್ನು ಕಲಿತು ಏನು ಮಾಡುವುದೆಂದು ಅವಳು ಕೇಳಿದರೆ, ಪ್ರಾಮಾಣಿಕವಾಗಿ ಉತ್ತರ ಗೊತ್ತಿಲ್ಲ ಎಂದೆ. "ಹಂಗಾದ್ರ ಇಬ್ರೂ ಕಲಿಯೂಣ್ರಿ, ಆಮ್ಯಾಲೆ ಬೈಯೂಣು," ಎಂದಳು.

ಪರೀಕ್ಷೆಗೆ ಅವಳು ಊರಿಗೆ ಬಂದಳು. ಹೆಡ್‌ಮಾಸ್ತರರು ಅವಳನ್ನು ಬಾಗಿಲಲ್ಲಿ ಕಂಡು, "ಬಂದೇನವ್ವಾ!" ಎಂದು ನಿಜವಾಗಿ ಸಂತೋಷಪಟ್ಟರಂತೆ. ಹಾಜರಾತಿಯ ಮಾತೆತ್ತದೆ ಕೂಡಿಸಿದರು. ಅವಳು ಪಾಸಾದಳು. ಅವಳ ಅಕ್ಕ ಬಿಟ್ಟ ಮೆಟ್ಟಿಲನ್ನು ಇವಳು ದಾಟಿದಳು. ಕಥೆಯಲ್ಲಿ ನಿಜವಾಗಿ ದೊಡ್ಡದು ಇದೇ, ಆದರೆ ವೇದಿಕೆಯ ಮೇಲೆ ಇದು ಸಾಲುವುದಿಲ್ಲ.

ಶಾಲೆ ಶುರುವಾದ ವಾರ ಆ ಊರಿಗೆ ಹೋದೆ. ಹತ್ತನೇ ತರಗತಿಯ ಕಿಟಕಿಯ ಪಕ್ಕ ಅವಳು ಕೂತಿದ್ದಳು, ನನ್ನನ್ನು ನೋಡಿ ಹುಬ್ಬು ಹಾರಿಸಿದಳು. ಹೆಡ್‌ಮಾಸ್ತರರು ಚಹಾ ತರಿಸಿದರು. ತಾಲೂಕಿನ ಸಭೆಯಲ್ಲಿ ಅವಳ ಬಗ್ಗೆ ಹೇಳಿದೆ, ಎಲ್ಲರೂ ಚಪ್ಪಾಳೆ ಹೊಡೆದರು ಎಂದರು.

"ಮೊದಲ ನಂಬರ್ ಬಂದ್ಲು ಅಂತ ಹೇಳಿದ್ರೇನ್ರಿ?"

"ಹೇಳೂಮುಂದ ಸ್ವಲ್ಪ ಹೆಚ್ಚುಕಡಿಮಿ ಆಗ್ತದಲ್ರಿ ಅಕ್ಕಾರ," ಎಂದು ನಕ್ಕರು. ಆಮೇಲೆ ನಗು ನಿಂತಿತು. "ಆದ್ರ ಹತ್ತನೇದು ನನ್ನ ಕೈಯಾಗಿಲ್ಲ ನೋಡ್ರಿ. ಹಾಜರಿ ಕಡಿಮಿ ಬಿದ್ರ ಬೋರ್ಡಿನ ಪರೀಕ್ಷಿಗೆ ಕೂಡಿಸಾಕ ಬರಂಗಿಲ್ಲ. ದೇವದುರ್ಗದಾಗ ಹಾಸ್ಟೆಲ್ ಸಿಗ್ತದೇನು ಕೇಳ್ತೀನಿ. ಆದ್ರ ಮರಿ ನೋಡೋರು ಯಾರು ಅಂತ ಆಕಿ ಅಜ್ಜಿ ಈಗ ಕೇಳಾಕತ್ಯಾಳ. ಆಕಿ ಕಲೀತಾಳ, ಅದರಾಗ ನನಗ ಅನುಮಾನ ಇಲ್ಲ."

ಅವರು ಒಳ್ಳೆಯವರು. ಹಾಗಾಗಿಯೇ ಕೇಳಬೇಕೆನ್ನಿಸಿತು. ಚಹಾದ ಲೋಟ ಕೆಳಗಿಟ್ಟೆ.

"ಮಾಸ್ತರ, ಭತ್ತ ಕೊಯ್ದ ಮ್ಯಾಲೆ ಆಕಿ ಮಾನ್ವಿ ಕಡಿ ಹೊಲದಾಗ ಕುಂತು, ನೀವು ಇಲ್ಲಿ ಹೇಳೂ ಪಾಠಾನ ಓದಾಕತ್ತಿರ್ತಾಳ. ಆ ದಿನ ಮುಂಜಾನಿ ಹಾಜರಿ ಕರಿಯೂಮುಂದ, ಆಕಿ ಹೆಸರಿನ ಮುಂದ ನೀವು ಏನು ಬರೀತೀರಿ?"